ಮೇಣಬತ್ತಿಯ ಗೃಹೋದ್ಯೋಗವೂ ಹೊಣೆಗಾರಿಕೆಯ ವಿಮೆಯೂ

ಗೃಹೋದ್ಯೋಗಗಳು ವೃದ್ಧಿಯಾಗಬೇಕೆಂದು ವೇದಿಕೆಯ ಮೇಲೆ ನಿಂತು ಉಪದೇಶಿಸುವವರಿಗೆ ನಮ್ಮ ದೇಶದಲ್ಲಿ ಎಂದೂ ಬರವಿಲ್ಲ. ಆದರೆ ಅಂತಹ ಉದ್ಯೋಗವನ್ನು ಕೈಕೊಂಡವರ ತಲೆಯ ಮೇಲೆ ಕಾಯಿದೆಯು ಎಂತಹ ಹೊಣೆಯನ್ನು ಹೊರಿಸಿದೆ, ಆ ಹೊಣೆಯಿಂದ ಅವರ ಸಂಸಾರಗಳನ್ನು ಕಾಪಾಡುವ ಬಗೆ ಯಾವುದು ಎಂಬುದನ್ನು ವಿಚಾರಿಸುವವರು ವಿರಳ. ಮನೆಯಲ್ಲಿ ಮೇಣಬತ್ತಿ ಮಾಡಿ ಮಾರುವವರ ವಿಷಯದಲ್ಲಿ ಈ ಉಪೇಕ್ಷೆಯು ವಿಶೇಷವಾಗಿ ಕಂಡುಬರುವುದರಿಂದ ನಾಲ್ಕು ಮಾತು ಬರೆಯುವುದು ಅವಶ್ಯವೆಂದು ನಾವು ಭಾವಿಸುತ್ತೇವೆ.

ಈ ಉದ್ಯೋಗಕ್ಕೆ ಬೇಕಾದ ಬಂಡವಾಳ ಅಲ್ಪ. ಒಂದು ಒಲೆ, ಎರಡು ಪಾತ್ರೆ, ಕೆಲವು ಅಚ್ಚುಗಳು, ಮೇಣ, ಬತ್ತಿಯ ನೂಲು ಇಷ್ಟಿದ್ದರೆ ಸಾಕು. ಆದುದರಿಂದಲೇ ಗೃಹಿಣಿಯರೂ ಸ್ತ್ರೀಯರ ಸ್ವಸಹಾಯ ಸಂಘಗಳೂ ಇದನ್ನು ಕೈಕೊಂಡಿವೆ. ಗಾಜಿನ ಬಟ್ಟಲುಗಳಲ್ಲಿ ಸುಗಂಧದ ಮೇಣವನ್ನು ಎರೆದು ದೀಪಾವಳಿಯ ಸಂತೆಗಳಲ್ಲಿಯೂ ಅಂತರ್ಜಾಲದ ಅಂಗಡಿಗಳಲ್ಲಿಯೂ ಮಾರುವ ವಾಡಿಕೆ ಈಗ ಸಾಮಾನ್ಯವಾಗಿದೆ. ಇದು ಸಂತೋಷದ ವಿಷಯವೇ ಸರಿ.

ಆದರೆ ಮೇಣಬತ್ತಿಯು ಪರರ ಮನೆಯನ್ನು ಹೊಕ್ಕು ಅಲ್ಲಿ ಉರಿದೇ ತನ್ನ ಕೆಲಸ ಮಾಡತಕ್ಕ ಪದಾರ್ಥವೆಂಬುದನ್ನು ಮರೆಯಲಾಗದು. ಬತ್ತಿಯು ಬಟ್ಟಲಿನ ಅಳತೆಗೆ ಮೀರಿ ದಪ್ಪವಾದರೆ ಜ್ವಾಲೆಯು ಎತ್ತರಕ್ಕೇಳುವುದು. ಶಾಖವನ್ನು ತಡೆಯಲಾರದ ಗಾಜು ಒಡೆದರೆ ಕರಗಿದ ಮೇಣವು ಮೇಜಿನ ಮೇಲೆ ಹರಿಯುವುದು. ಪ್ಯಾರಫಿನ್ ಮೇಣವು ಪೆಟ್ರೋಲಿಯಮ್ಮಿನಿಂದ ಬಂದದ್ದು. ಹೊತ್ತಿಕೊಂಡ ಮೇಣದ ಮೇಲೆ ಗಾಬರಿಯಿಂದ ನೀರು ಸುರಿದರೆ ಬೆಂಕಿಯು ಆರುವ ಬದಲು ಸಿಡಿದು ಹರಡುವುದು. ನೂರು ರೂಪಾಯಿಯ ಬತ್ತಿಯಿಂದ ಲಕ್ಷಗಟ್ಟಲೆ ರೂಪಾಯಿಯ ಮನೆ ಸುಡಬಹುದು. ಹಸುಳೆಯೊಂದರ ಕೈ ಬೇಯಬಹುದು.

ಆಗ ಹೊಣೆ ಯಾರದು? ೨೦೧೯ರ ಗ್ರಾಹಕ ಸಂರಕ್ಷಣಾ ಕಾಯಿದೆಯು ೨೦೨೦ರ ಜುಲೈ ತಿಂಗಳಲ್ಲಿ ಜಾರಿಗೆ ಬಂದು, ತನ್ನ ೬ನೆಯ ಅಧ್ಯಾಯದಲ್ಲಿ ಇದಕ್ಕೆ ಸ್ಪಷ್ಟವಾದ ಉತ್ತರವನ್ನು ಕೊಟ್ಟಿದೆ. ತಯಾರಿಕೆಯಲ್ಲಿಯಾಗಲಿ ರಚನೆಯಲ್ಲಿಯಾಗಲಿ ದೋಷವಿದ್ದರೆ, ಅಥವಾ ಸರಿಯಾದ ಉಪಯೋಗದ ಸೂಚನೆಯೂ ಅಪಾಯದ ಎಚ್ಚರಿಕೆಯೂ ಇಲ್ಲದಿದ್ದರೆ, ಅದರಿಂದಾದ ಹಾನಿಗೆ ತಯಾರಕನು ಹೊಣೆಗಾರ. ಕೊಟ್ಟ ಭರವಸೆಗೆ ತಕ್ಕ ಗುಣವು ಪದಾರ್ಥದಲ್ಲಿ ಇಲ್ಲದಿದ್ದರೆ, ಭರವಸೆ ಕೊಡುವಾಗ ತಾನು ಅಲಕ್ಷ್ಯವನ್ನಾಗಲಿ ಮೋಸವನ್ನಾಗಲಿ ಮಾಡಲಿಲ್ಲವೆಂದು ಸಾಧಿಸಿದರೂ ಅವನಿಗೆ ಬಿಡುಗಡೆಯಿಲ್ಲ. ಪರರು ಮಾಡಿದ ಬತ್ತಿಗೆ ತನ್ನ ಹೆಸರಿನ ಚೀಟಿ ಅಂಟಿಸಿದವನೂ ಕಾಯಿದೆಯ ಕಣ್ಣಿಗೆ ತಯಾರಕನೇ.

ಇನ್ನೂ ಎರಡು ಸಂಗತಿಗಳನ್ನು ನಮ್ಮ ವಾಚಕರು ಗಮನಿಸಬೇಕು. ಜಿಲ್ಲಾ ಆಯೋಗದ ಶುಲ್ಕವು ಕೊಂಡ ಪದಾರ್ಥದ ಬೆಲೆಯನ್ನು ಅನುಸರಿಸಿದ್ದು, ೫ ಲಕ್ಷ ರೂಪಾಯಿಯವರೆಗಿನ ಬೆಲೆಗೆ ಶುಲ್ಕವೇ ಇಲ್ಲ. ಆದುದರಿಂದ ನೂರು ರೂಪಾಯಿಯ ಬತ್ತಿ ಕೊಂಡವನು ಬಿಡಿಕಾಸು ಶುಲ್ಕವಿಲ್ಲದೆ ದೊಡ್ಡ ಪರಿಹಾರವನ್ನು ಕೇಳಬಹುದು. ಎರಡನೆಯದಾಗಿ, ಗ್ರಾಹಕನು ತಾನು ವಾಸವಾಗಿರುವ ಊರಿನಲ್ಲಿಯೇ ದೂರು ಹೂಡಬಹುದು. ಧಾರವಾಡದಿಂದ ಟಪಾಲಿನಲ್ಲಿ ಬತ್ತಿ ಕಳಿಸಿದ ಹೆಣ್ಣುಮಗಳು ದಿಲ್ಲಿಯ ಆಯೋಗಕ್ಕೆ ಉತ್ತರ ಹೇಳಬೇಕಾಗಬಹುದು. ಒಬ್ಬೊಂಟಿಯಾಗಿ ವ್ಯಾಪಾರ ಮಾಡುವವರಿಗೆ ಅಂಗಡಿಯ ಆಸ್ತಿ ಬೇರೆ, ಮನೆಯ ಆಸ್ತಿ ಬೇರೆ ಎಂಬ ಭೇದವಿಲ್ಲದುದರಿಂದ, ಪರಿಹಾರದ ಹಣಕ್ಕೆ ಅವರ ಮನೆಮಾರೂ ಗುರಿಯಾಗುತ್ತವೆ.

ಕಾಯಿದೆಯೇ ಕ್ರೂರವಾದುದೆಂದು, ಸಣ್ಣವರನ್ನು ಅದರಿಂದ ಬಿಟ್ಟುಬಿಡಬೇಕೆಂದು ಕೆಲವರು ವಾದಿಸಬಹುದು. ಈ ವಾದವನ್ನು ನಾವು ಒಪ್ಪಲಾರೆವು. ಮಾಡಿದವಳು ಬಡವಳೆಂಬ ಕಾರಣದಿಂದ ಸುಟ್ಟ ಕೈಯ ಉರಿ ಕಡಿಮೆಯಾಗುವುದಿಲ್ಲ. ನೊಂದವನಿಗೆ ಪರಿಹಾರವೂ ದೊರೆಯಬೇಕು, ಉದ್ಯೋಗಿಯ ಸಂಸಾರವೂ ಉಳಿಯಬೇಕು. ಇವೆರಡನ್ನೂ ಸಾಧಿಸುವ ಮಾರ್ಗವು ವಿಮೆಯೊಂದೇ.

ಆದರೆ ಯಾವ ವಿಮೆ? ಇಲ್ಲಿ ಅನೇಕರು ಎಡವುತ್ತಾರೆ. ೨೦೨೧ರ ಏಪ್ರಿಲ್‌ನಿಂದ ಜಾರಿಯಲ್ಲಿರುವ ‘ಭಾರತ್ ಸೂಕ್ಷ್ಮ ಉದ್ಯಮ ಸುರಕ್ಷಾ’ ಎಂಬ ಪಾಲಿಸಿಯು ಉದ್ಯೋಗಿಯ ಸ್ವಂತ ಕಟ್ಟಡ, ಉಪಕರಣ, ಸರಕುಗಳಿಗೆ ಅಗ್ನಿ ಮೊದಲಾದವುಗಳಿಂದಾಗುವ ನಷ್ಟವನ್ನು ತುಂಬಿಕೊಡತಕ್ಕದ್ದು. ಗ್ರಾಹಕನ ಮನೆ ಸುಟ್ಟರೆ ಅದು ಉಪಯೋಗಕ್ಕೆ ಬಾರದು. ೧೯೮೪ರ ಭೋಪಾಲ ದುರಂತದ ಅನಂತರ ೧೯೯೧ರಲ್ಲಿ ಬಂದ ಸಾರ್ವಜನಿಕ ಹೊಣೆಗಾರಿಕೆ ವಿಮಾ ಕಾಯಿದೆಯು ಹೆಸರಿನಿಂದ ಸಮೀಪವೆಂದು ತೋರಿದರೂ, ಅದು ಅಪಾಯಕಾರಿ ದ್ರವ್ಯಗಳನ್ನು ನಿಯಮಿತ ಪ್ರಮಾಣಕ್ಕೆ ಮೀರಿ ಇಟ್ಟುಕೊಂಡ ಕಾರಖಾನೆಗಳ ಮಾತು. ಮೇಣಬತ್ತಿಯವರಿಗೆ ಬೇಕಾದುದು ‘ಉತ್ಪನ್ನ ಹೊಣೆಗಾರಿಕೆ’ಯ ಪಾಲಿಸಿ. ಮಾರಿದ ಪದಾರ್ಥದಿಂದ ಪರರ ದೇಹಕ್ಕೂ ಸೊತ್ತಿಗೂ ಆದ ಹಾನಿಯ ಪರಿಹಾರವನ್ನೂ ವ್ಯಾಜ್ಯದ ಖರ್ಚನ್ನೂ ಗೊತ್ತುಪಡಿಸಿದ ಮಿತಿಯೊಳಗೆ ವಿಮಾ ಕಂಪನಿಯು ವಹಿಸುವುದೇ ಇದರ ತಾತ್ಪರ್ಯ.

ಪಾಲಿಸಿಗೆ ರುಜು ಹಾಕುವ ಮೊದಲು ನೋಡಬೇಕಾದ ಅಂಶಗಳು ಕೆಲವಿವೆ. ಒಂದು ಅಪಘಾತಕ್ಕೆ ಎಷ್ಟು, ವರ್ಷಕ್ಕೆ ಒಟ್ಟು ಎಷ್ಟು ಎಂದು ಎರಡು ಮಿತಿಗಳಿರುತ್ತವೆ. ಪ್ರತಿಯೊಂದು ನಷ್ಟದಲ್ಲಿಯೂ ಮೊದಲಿನ ಕೆಲವು ಅಂಶವನ್ನು ಉದ್ಯೋಗಿಯೇ ಭರಿಸಬೇಕಾಗುವುದು. ಸಾಮಾನ್ಯವಾಗಿ ಪರಿಹಾರದ ಬೇಡಿಕೆ ಬಂದ ಕಾಲದಲ್ಲಿ ಪಾಲಿಸಿಯು ಜೀವಂತವಿರಬೇಕು. ವ್ಯಾಪಾರ ನಿಲ್ಲಿಸಿದೊಡನೆ ಕಂತನ್ನೂ ನಿಲ್ಲಿಸಿದವರು ಹಿಂದೆ ಮಾರಿದ ಬತ್ತಿಗಳ ವಿಷಯದಲ್ಲಿ ಅನಾಥರಾಗುತ್ತಾರೆ. ಪರದೇಶಕ್ಕೆ ಕಳಿಸುವವರು ಅಲ್ಲಿಯ ನ್ಯಾಯಾಲಯಗಳಿಗೆ ಪಾಲಿಸಿಯು ಅನ್ವಯಿಸುವುದೋ ಇಲ್ಲವೋ ಎಂದು ಕೇಳಿ ತಿಳಿಯಬೇಕು. ಎಲ್ಲಕ್ಕಿಂತ ಮುಖ್ಯವಾಗಿ, ಮಾಡುವ ಪದಾರ್ಥವನ್ನೂ ಮಾಡುವ ಸ್ಥಳವನ್ನೂ ಮರೆಮಾಚದೆ ತಿಳಿಸಬೇಕು. ವಿಮೆಯ ಕರಾರು ನಂಬಿಕೆಯ ಮೇಲೆ ನಿಂತದ್ದು; ಸುಳ್ಳು ಹೇಳಿ ಪಡೆದ ಪಾಲಿಸಿಯು ಆಪತ್ತಿನ ದಿನ ಬರಿಯ ಕಾಗದ.

ವಿಮೆಯು ಅಲಕ್ಷ್ಯಕ್ಕೆ ಪರವಾನಗಿಯಲ್ಲ. ಬತ್ತಿಯನ್ನು ಕಾಲಂಗುಲಕ್ಕೆ ಕತ್ತರಿಸಿ ಹಚ್ಚಬೇಕು, ಪರದೆಗಳಿಂದಲೂ ಮಕ್ಕಳಿಂದಲೂ ದೂರವಿಡಬೇಕು, ಉರಿಯುವ ಬತ್ತಿಯನ್ನು ಬಿಟ್ಟು ಹೋಗಕೂಡದು ಎಂಬ ಸೂಚನೆಯನ್ನು ಕೊಳ್ಳುವವರಿಗೆ ತಿಳಿಯುವ ಭಾಷೆಯಲ್ಲಿ, ನಮ್ಮ ನಾಡಿನಲ್ಲಿ ಕನ್ನಡದಲ್ಲಿಯೇ, ಪ್ರತಿಯೊಂದು ಬಟ್ಟಲಿನ ಮೇಲೂ ಮುದ್ರಿಸಬೇಕು. ಇಂಗ್ಲಿಷಿನ ಚೀಟಿಯು ಇಂಗ್ಲಿಷು ಬಾರದವರ ಮನೆಯನ್ನು ಕಾಯಲಾರದು.

ಕಟ್ಟಕಡೆಯದಾಗಿ, ಮುಖ್ಯವಾದ ಅಡಚಣೆಯ ಮಾತು. ಅಲ್ಪ ವಹಿವಾಟಿನ ಒಬ್ಬೊಬ್ಬಳಿಗೂ ಪ್ರತ್ಯೇಕ ಪಾಲಿಸಿ ಬರೆಯುವುದು ಕಂಪನಿಗೆ ಲಾಭವಲ್ಲ, ಅವಳಿಗೂ ನಿಲುಕುವುದಲ್ಲ. ಇದಕ್ಕೆ ಪರಿಹಾರ ಸಹಕಾರವೇ. ೧೯೦೫ರಲ್ಲಿ ಗದಗು ಪ್ರಾಂತದ ಕಣಗಿನಹಾಳದಲ್ಲಿ ಸಹಕಾರ ಸಂಘವನ್ನು ಕಟ್ಟಿದ ನಾಡು ನಮ್ಮದು. ೨೦೦೩ರಲ್ಲಿ ‘ಯಶಸ್ವಿನಿ’ ಯೋಜನೆಯು ಸಹಕಾರ ಸಂಘಗಳ ಮೂಲಕವೇ ರೈತರ ಅಲ್ಪ ವಂತಿಗೆಗಳನ್ನು ಕೂಡಿಸಿ ಶಸ್ತ್ರಚಿಕಿತ್ಸೆಯ ಖರ್ಚನ್ನು ಹೊತ್ತುದನ್ನು ನಾವು ಕಂಡಿದ್ದೇವೆ. ಅದೇ ರೀತಿಯಲ್ಲಿ ಸ್ವಸಹಾಯ ಸಂಘಗಳ ಒಕ್ಕೂಟಗಳು ತಮ್ಮ ಸದಸ್ಯೆಯರೆಲ್ಲರ ಪರವಾಗಿ ಒಂದೇ ಸಾಮೂಹಿಕ ಪಾಲಿಸಿಯನ್ನು ಪಡೆದು, ಬತ್ತಿಯ ಪರೀಕ್ಷೆಗೆ ಸಮಾನ ನಿಯಮಗಳನ್ನು ಮಾಡಿಕೊಂಡರೆ, ಕಂಪನಿಗೆ ಧೈರ್ಯವೂ ಉದ್ಯೋಗಿಗೆ ಅಭಯವೂ ಒಮ್ಮೆಲೇ ಲಭಿಸುವುವು.

ಸರಕಾರದ ವಶದಲ್ಲಿರುವ ವಿಮಾ ಕಂಪನಿಗಳ ಕರ್ತವ್ಯವೂ ಇಲ್ಲಿದೆ. ಅವುಗಳಲ್ಲಿ ಒಂದಾದ ನ್ಯಾಶನಲ್ ಇನ್ಶುರನ್ಸ್ ಕಂಪನಿಯು ೧೯೦೬ರಲ್ಲಿ, ಸ್ವದೇಶೀ ಚಳವಳಿಯ ಕಾಲದಲ್ಲಿ, ಕಲಕತ್ತೆಯಲ್ಲಿ ಹುಟ್ಟಿದ್ದು. ಸ್ವದೇಶೀ ಕೈಗಾರಿಕೆಯ ಅತ್ಯಂತ ಸಣ್ಣ ಕೈಗೆ ನಿಲುಕುವ ಪಾಲಿಸಿಯನ್ನು ರಚಿಸುವುದು ಅಂತಹ ಸಂಸ್ಥೆಗಳಿಗೆ ಭೂಷಣವೇ ಹೊರತು ಭಾರವಲ್ಲ. ಸಾಲ ಕೊಟ್ಟು ಪ್ರಮಾಣಪತ್ರ ಹಂಚಿ ಕೈತೊಳೆದುಕೊಳ್ಳುವ ಇಲಾಖೆಗಳು, ತರಬೇತಿಯ ಮೊದಲನೆಯ ದಿನವೇ ಈ ಹೊಣೆಯನ್ನೂ ಅದರ ರಕ್ಷಣೆಯನ್ನೂ ತಿಳಿಸಿಕೊಡಲಿ ಎಂಬುದು ಅಧಿಕಾರಿವರ್ಗಕ್ಕೆ ನಮ್ಮ ಆಗ್ರಹದ ಸೂಚನೆ.