ಅಮ್ಮನ ದಿನಚರಿಗೆ ಒಂದು ‘ಎಸ್’

ಇಂಗ್ಲಿಷ್ ಕಲಿಯಲು ಹೊರಟವರಿಗೆ ಆರಂಭದಲ್ಲೇ ಸಿಗುವ ಪಾಠಗಳಲ್ಲಿ ದಿನಚರಿಯ ಪಾಠವೂ ಒಂದು. ‘ಐ ಗೆಟ್ ಅಪ್ ಅಟ್ ಸಿಕ್ಸ್. ಐ ಬ್ರಷ್ ಮೈ ಟೀತ್. ಐ ಗೋ ಟು ಸ್ಕೂಲ್.’ ನಾವೆಲ್ಲ ಇದನ್ನು ರಾಗ ಎಳೆದು ಬಾಯಿಪಾಠ ಮಾಡಿದವರೇ. ವ್ಯಾಕರಣದಲ್ಲಿ ಇದಕ್ಕೆ ಸಿಂಪಲ್ ಪ್ರೆಸೆಂಟ್ ಟೆನ್ಸ್ ಎಂದು ಹೆಸರು. ನಿನ್ನೆಯೂ ಮಾಡಿದ, ಇವತ್ತೂ ಮಾಡುವ, ನಾಳೆಯೂ ತಪ್ಪದ ಕೆಲಸವನ್ನು ಹೇಳಲು ಇದು ಬೇಕು. ನಮ್ಮಂಥ ಎಂಜಿನಿಯರಿಂಗ್ ವಿದ್ಯಾರ್ಥಿಗಳ ಭಾಷೆಯಲ್ಲಿ ಹೇಳುವುದಾದರೆ ಇದು ಪ್ರೋಗ್ರಾಮಿನ ‘ಲೂಪ್’ ಇದ್ದಂತೆ. ಒಂದು ಸುತ್ತು ಮುಗಿಯಿತು ಎನ್ನುವಷ್ಟರಲ್ಲಿ ಮತ್ತೆ ಮೊದಲಿನಿಂದ ಶುರು.

ಇಷ್ಟು ಸಣ್ಣ ಪಾಠದಲ್ಲಿ ಕಲಿಸುವುದಕ್ಕೆ ಏನಿದೆ ಅನ್ನಿಸಬಹುದು. ಆದರೆ ಕಲಿಸಲು ನಿಂತರೆ ಇದು ಮನೆಯ ಒಳಗಿನವರೆಗೂ ಕರೆದುಕೊಂಡು ಹೋಗುತ್ತದೆ.

ನಾನು ಉಜಿರೆಯಲ್ಲಿ ಬಿಇ ಓದುತ್ತಿದ್ದೇನೆ. ವಿಟಿಯು ವಿದ್ಯಾರ್ಥಿಗಳು ಓದು ಮುಗಿಸುವಷ್ಟರಲ್ಲಿ ಸಮಾಜಕ್ಕೆ ಉಪಯೋಗವಾಗುವ ಕೆಲಸ ಮಾಡಿ 100 ಆಕ್ಟಿವಿಟಿ ಪಾಯಿಂಟ್ ಗಳಿಸಬೇಕು. ಊರಿನ ಶಾಲೆಗಳಿಗೆ ನೆರವಾಗುವುದೂ ಅದರಲ್ಲಿ ಸೇರಿದೆ. ಹಾಗಾಗಿ ನಾನು ಮತ್ತು ನನ್ನ ಮೂವರು ಗೆಳತಿಯರು ಹತ್ತಿರದ ಹಳ್ಳಿಯ ಕನ್ನಡ ಮಾಧ್ಯಮ ಶಾಲೆಯೊಂದನ್ನು ಆರಿಸಿಕೊಂಡೆವು. ಶನಿವಾರ ಮಧ್ಯಾಹ್ನ ಶಾಲೆ ಬಿಟ್ಟ ಮೇಲೆ ಆರು ಮತ್ತು ಏಳನೇ ತರಗತಿಯ ಮಕ್ಕಳಿಗೆ ಒಂದು ಗಂಟೆ ಇಂಗ್ಲಿಷ್ ಮಾತಾಡಿಸುತ್ತೇವೆ. ಮಕ್ಕಳಿಗೆ ನಾವು ಟೀಚರ್ ಅಲ್ಲ, ‘ಅಕ್ಕ’.

ನಮ್ಮ ರಾಜ್ಯದ ಸರ್ಕಾರಿ ಶಾಲೆಗಳಲ್ಲಿ 2007ರಿಂದಲೇ ಒಂದನೇ ತರಗತಿಯಲ್ಲಿ ಇಂಗ್ಲಿಷ್ ಇದೆ. ಈ ಮಕ್ಕಳಿಗೂ ಅಕ್ಷರ, ಪದ್ಯ, ಪ್ರಾಣಿಗಳ ಹೆಸರು ಎಲ್ಲ ಗೊತ್ತು. ತಮ್ಮದೇ ಒಂದು ವಾಕ್ಯ ಹೇಳಿ ಎಂದರೆ ಮಾತ್ರ ಪಕ್ಕದವರ ಮುಖ ನೋಡುತ್ತಾರೆ. ಬೆಳ್ತಂಗಡಿ ತಾಲೂಕಿನ ಮಕ್ಕಳ ವಿಷಯದಲ್ಲಿ ಇನ್ನೊಂದು ಸಂಗತಿ ಇದೆ. ಮನೆಯಲ್ಲಿ ಕೆಲವರದ್ದು ತುಳು, ಕೆಲವರದ್ದು ಬ್ಯಾರಿ, ಇನ್ನು ಕೆಲವರದ್ದು ಕೊಂಕಣಿ, ಮಲಯಾಳ ಅಥವಾ ಮರಾಠಿ. ಕನ್ನಡವನ್ನೇ ಅವರು ಶಾಲೆಗೆ ಬಂದು ಗಟ್ಟಿ ಮಾಡಿಕೊಂಡದ್ದು. ಅಂದರೆ ಇವರಲ್ಲಿ ಹೆಚ್ಚಿನವರಿಗೆ ಇಂಗ್ಲಿಷ್ ಮೂರನೆಯ ಭಾಷೆ.

ಮೊದಲ ದಿನ ಎಲ್ಲರ ಬಾಯಲ್ಲೂ ಬಂದ ವಾಕ್ಯ ‘ಐ ಆಮ್ ಗೋ ಟು ಸ್ಕೂಲ್’. ಇದಕ್ಕೆ ಕಾರಣ ಹುಡುಕುವುದು ಕಷ್ಟವಲ್ಲ. ಅವರು ಕಲಿತ ಮೊದಲ ಇಂಗ್ಲಿಷ್ ಮಾತು ‘ಐ ಆಮ್’ ಎಂದು ಹೇಳಿ ಹೆಸರು ಸೇರಿಸುವುದು. ಅಲ್ಲಿಂದ ‘ಐ’ ಮತ್ತು ‘ಆಮ್’ ಎರಡೂ ಅಂಟಿಕೊಂಡು ‘ನಾನು’ ಎಂಬ ಒಂದೇ ಪದವಾಗಿ ಕೂತಿವೆ. ಅದನ್ನು ತಿದ್ದಿದರೆ ‘ಐ ಆಮ್ ಗೋಯಿಂಗ್ ಟು ಸ್ಕೂಲ್ ಡೈಲಿ’ ಬರುತ್ತದೆ. ದೊಡ್ಡವರೂ ಹೀಗೆ ಹೇಳುವುದನ್ನು ನಾವು ಕೇಳಿದ್ದೇವೆ.

ಇಲ್ಲಿ ನಮ್ಮ ಕನ್ನಡವನ್ನೇ ಬಳಸಿಕೊಂಡೆವು. ‘ನಾನು ದಿನಾ ಶಾಲೆಗೆ ಹೋಗುತ್ತೇನೆ’, ‘ನಾನು ಈಗ ಶಾಲೆಗೆ ಹೋಗುತ್ತಾ ಇದ್ದೇನೆ’ ಎಂಬ ಎರಡು ವಾಕ್ಯಗಳನ್ನು ಬೋರ್ಡಿನಲ್ಲಿ ಬರೆದೆವು. ‘ಇದ್ದೇನೆ’ ಇದ್ದ ಕಡೆ ಮಾತ್ರ ‘ಆಮ್’, ಇಲ್ಲದ ಕಡೆ ಬೇಡ ಎಂದೆವು. ನಂತರ ಆಟ. ಒಬ್ಬರು ಎದುರಿಗೆ ಬಂದು ನೀರು ಕುಡಿಯುತ್ತಾರೆ. ಉಳಿದವರು ‘ಈಗಲೋ, ದಿನಾಲೋ?’ ಎಂದು ಕೂಗುತ್ತಾರೆ. ‘ಈಗ’ ಎಂದರೆ ಒಂದು ವಾಕ್ಯ, ‘ದಿನಾ’ ಎಂದರೆ ಇನ್ನೊಂದು. ಎರಡು ಶನಿವಾರ ಕಳೆಯುವಷ್ಟರಲ್ಲಿ ‘ಐ ಆಮ್ ಗೋ’ ಕಡಿಮೆಯಾಯಿತು. ಒಂದು ಎಚ್ಚರಿಕೆ ಮಾತ್ರ ಹೇಳಬೇಕಾಯಿತು. ಕನ್ನಡದಲ್ಲಿ ‘ನಾಳೆ ಹೋಗುತ್ತೇನೆ’ ಎಂದೂ ಅದೇ ರೂಪದಲ್ಲಿ ಹೇಳುತ್ತೇವೆ; ಇಂಗ್ಲಿಷ್‌ನಲ್ಲಿ ನಾಳೆಗೆ ‘ವಿಲ್’ ಸೇರಿಸಿಕೊಳ್ಳಬೇಕು.

ಮುಂದಿನ ತೊಂದರೆ ಪದಗಳದ್ದು. ಅಭ್ಯಾಸಕ್ಕೆ ಸಿಗುವ ಹಾಳೆಗಳಲ್ಲಿ ಇರುವ ಹುಡುಗ ಬ್ರೆಡ್ಡು ತಿಂದು, ಸ್ಕೂಲ್ ಬಸ್ ಹತ್ತಿ, ಸಂಜೆ ಪಾರ್ಕಿಗೆ ಹೋಗುತ್ತಾನೆ. ನಮ್ಮ ಮಕ್ಕಳೂ ತಾವು ಪಾರ್ಕಿಗೆ ಹೋಗುತ್ತೇವೆ ಎಂದೇ ಬರೆದರು. ಊರಿನಲ್ಲಿ ಪಾರ್ಕು ಎಲ್ಲಿದೆ ಎಂದು ಕೇಳಿದರೆ ನಗು. ಹಾಗಾದರೆ ನಿಜಕ್ಕೂ ಏನು ಮಾಡುತ್ತೀರಿ ಎಂದು ಕನ್ನಡದಲ್ಲೇ ಕೇಳಿದಾಗ ತರಗತಿಯ ಬಾಯಿ ಬಿಟ್ಟಿತು. ಒಬ್ಬ ಬೆಳಿಗ್ಗೆ ಹಾಲಿನ ಕ್ಯಾನ್ ಹಿಡಿದು ಸೊಸೈಟಿಗೆ ಹೋಗುತ್ತಾನೆ. ಇನ್ನೊಬ್ಬ ಮದ್ರಸ ಮುಗಿಸಿ ಶಾಲೆಗೆ ಬರುತ್ತಾನೆ. ಒಬ್ಬಳು ತೋಟದಲ್ಲಿ ಬಿದ್ದ ಅಡಿಕೆ ಹೆಕ್ಕುತ್ತಾಳೆ. ಮತ್ತೊಬ್ಬಳು ತಮ್ಮನ ತಲೆ ಬಾಚಿ, ಕೈ ಹಿಡಿದು ಅಂಗನವಾಡಿಗೆ ಬಿಡುತ್ತಾಳೆ. ಇವನ್ನೆಲ್ಲ ಇಂಗ್ಲಿಷ್‌ನಲ್ಲಿ ಹೇಳಲು ದೊಡ್ಡ ಪದಗಳು ಬೇಕಿಲ್ಲ. ‘ಐ ಟೇಕ್ ಮಿಲ್ಕ್ ಟು ದ ಸೊಸೈಟಿ’, ‘ಐ ಪಿಕ್ ಅಪ್ ಅರೆಕಾನಟ್ಸ್’. ತಮ್ಮದೇ ಕೆಲಸವಾದ್ದರಿಂದ ಈ ವಾಕ್ಯಗಳನ್ನು ಯಾರೂ ಮರೆಯಲಿಲ್ಲ.

‘ನಾನು’ ಮುಗಿದ ಮೇಲೆ ‘ಅವನು, ಅವಳು’. ಇಲ್ಲಿ ಬರುತ್ತದೆ ಆ ಪುಟ್ಟ ‘ಎಸ್’. ‘ಐ ವರ್ಕ್’, ಆದರೆ ‘ಶಿ ವರ್ಕ್ಸ್’. ಇದು ಮಕ್ಕಳಿಗೆ ಹೊಸದೇನೂ ಆಗಬೇಕಿಲ್ಲ. ಹೋಗುತ್ತೇನೆ, ಹೋಗುತ್ತೀಯ, ಹೋಗುತ್ತಾನೆ, ಹೋಗುತ್ತಾಳೆ, ಹೋಗುತ್ತದೆ ಎಂದು ಕನ್ನಡದಲ್ಲಿ ಪ್ರತಿಯೊಬ್ಬರಿಗೂ ಬೇರೆ ಬೇರೆ ಬಾಲ ಇದೆ. ಹಳೆಯ ಇಂಗ್ಲಿಷ್‌ಗೂ ಇಂಥ ಹಲವು ಬಾಲಗಳಿದ್ದವು. ಕಾಲ ಕಳೆದಂತೆ ಎಲ್ಲವೂ ಸವೆದು ಈ ಒಂದು ‘ಎಸ್’ ಮಾತ್ರ ಉಳಿದಿದೆ. ಇಷ್ಟು ಹೇಳಿದ ಮೇಲೆ ಒಬ್ಬ ಹುಡುಗ, ‘ಹಾಗಾದರೆ ಕನ್ನಡವೇ ಇದಕ್ಕಿಂತ ಕಷ್ಟ ಅಲ್ವಾ ಅಕ್ಕ? ನಮಗೆ ಅದೇ ಬರ್ತದೆ’ ಎಂದ. ಅವನ ಧೈರ್ಯ ನೋಡಿ ಖುಷಿಯಾಯಿತು.

ಬರೆಯುವಾಗ ಬಂದರೂ ಮಾತಾಡುವಾಗ ಆ ‘ಎಸ್’ ನಾಪತ್ತೆ. ಕನ್ನಡದ ಪದಗಳು ಸಾಮಾನ್ಯವಾಗಿ ಸ್ವರದಲ್ಲಿ ಮುಗಿಯುತ್ತವೆ. ಬಸ್ ನಮ್ಮಲ್ಲಿ ‘ಬಸ್ಸು’ ಆಗುವುದು, ಕಾರ್ ‘ಕಾರು’ ಆಗುವುದು ಇದಕ್ಕೇ. ‘ವರ್ಕ್ಸ್’ ಎಂದು ವ್ಯಂಜನಗಳನ್ನು ಒಟ್ಟಿಗೆ ನಿಲ್ಲಿಸುವುದು ನಾಲಿಗೆಗೆ ಕಷ್ಟ. ಅದಕ್ಕೆ ಅಭ್ಯಾಸ ಬೇಕು, ಅಭ್ಯಾಸಕ್ಕೆ ತುಂಬ ವಾಕ್ಯಗಳು ಬೇಕು. ‘ನಿಮ್ಮ ಮನೆಯವರ ದಿನಚರಿ ಬರೆದುಕೊಂಡು ಬನ್ನಿ’ ಎಂದು ಮನೆಪಾಠ ಕೊಟ್ಟೆವು.

ಮುಂದಿನ ವಾರ ಪುಸ್ತಕಗಳು ಬಂದವು. ಅಪ್ಪ ಆಟೋ ಓಡಿಸುತ್ತಾರೆ, ಅಪ್ಪ ಬೆಂಗಳೂರಿನ ಹೋಟೆಲಿನಲ್ಲಿ ಇದ್ದಾರೆ, ಅಪ್ಪ ರಬ್ಬರ್ ಟ್ಯಾಪಿಂಗಿಗೆ ಹೋಗುತ್ತಾರೆ, ಮಳೆಗಾಲದಲ್ಲಿ ಅಡಿಕೆಗೆ ಮದ್ದು ಬಿಡುತ್ತಾರೆ. ಎಲ್ಲದಕ್ಕೂ ‘ಎಸ್’ ಸರಿಯಾಗಿಯೇ ಬಿದ್ದಿತ್ತು. ಅಮ್ಮನ ಸರದಿ ಬಂದಾಗ ಪುಸ್ತಕದಿಂದ ಪುಸ್ತಕಕ್ಕೆ ಒಂದೇ ವಾಕ್ಯ: ‘ಮೈ ಮದರ್ ಡಸ್ ನಾಟ್ ವರ್ಕ್.’ ನನ್ನ ಅಮ್ಮ ಕೆಲಸ ಮಾಡುವುದಿಲ್ಲ.

ವ್ಯಾಕರಣದಲ್ಲಿ ಒಂದೂ ತಪ್ಪಿಲ್ಲ. ‘ನಾಟ್’ ಬಂದಾಗ ‘ಎಸ್’ ಹಾರಿ ‘ಡಸ್’ ಒಳಗೆ ಸೇರಿಕೊಳ್ಳಬೇಕು ಎಂಬುದೂ ಸರಿ ಇದೆ. ಕೆಂಪು ಪೆನ್ನಿಗೆ ಅಲ್ಲಿ ಕೆಲಸವೇ ಇಲ್ಲ. ಆದರೆ ಬರೆದದ್ದು ನಿಜವಲ್ಲ. ಹಾಗೆಂದು ಮಕ್ಕಳನ್ನು ದೂರುವಂತಿಲ್ಲ. ಶಾಲೆ ಕಾಲೇಜಿನ ಅರ್ಜಿಗಳಲ್ಲಿ ತಾಯಿಯ ಉದ್ಯೋಗ ಎಂದು ಕೇಳಿದ ಕಡೆ ನಾವೆಲ್ಲ ‘ಗೃಹಿಣಿ’ ಎಂದು ತುಂಬಿ ಮುಂದಿನ ಕಾಲಮಿಗೆ ಹೋಗುತ್ತೇವೆ. ಅಪ್ಪ ಏನು ಮಾಡುತ್ತಾರೆ ಎಂದು ಕೇಳುವ ನೆಂಟರು ಅಮ್ಮನ ಬಗ್ಗೆ ‘ಮನೆಯಲ್ಲೇ ಇದ್ದಾರಾ?’ ಎನ್ನುತ್ತಾರೆ. ಮಕ್ಕಳು ಕೇಳಿದ್ದನ್ನೇ ಬರೆದಿದ್ದರು.

ನಾವು ವಾಕ್ಯವನ್ನು ಹೊಡೆದುಹಾಕಲಿಲ್ಲ. ಬದಲಿಗೆ ನಾಲ್ಕು ಪ್ರಶ್ನೆ ಕೊಟ್ಟು ಕಳಿಸಿದೆವು. ‘ವಾಟ್ ಟೈಮ್ ಡು ಯು ಗೆಟ್ ಅಪ್?’ ‘ವಾಟ್ ಡು ಯು ಡು ಫಸ್ಟ್?’ ‘ವಾಟ್ ಡು ಯು ಡು ಇನ್ ದ ಆಫ್ಟರ್‌ನೂನ್?’ ‘ವೆನ್ ಡು ಯು ಸ್ಲೀಪ್?’ ಅಮ್ಮನ ಎದುರು ಕೂತು ಇಂಗ್ಲಿಷ್‌ನಲ್ಲೇ ಕೇಳಬೇಕು, ಅಮ್ಮ ಯಾವ ಭಾಷೆಯಲ್ಲಿ ಬೇಕಾದರೂ ಹೇಳಲಿ. ಹೆಚ್ಚಿನ ಉತ್ತರಗಳು ತುಳುವಿನಲ್ಲಿ ಬಂದವು. ಮಕ್ಕಳು ಅದನ್ನು ಕನ್ನಡಕ್ಕೆ ತಂದು, ನಮ್ಮೊಂದಿಗೆ ಕೂತು ಇಂಗ್ಲಿಷ್ ಮಾಡಿದರು. ಒಬ್ಬಳ ಪುಸ್ತಕದಲ್ಲಿ ಅಪ್ಪನಿಗೆ ಆರು ವಾಕ್ಯ, ಅಮ್ಮನಿಗೆ ಹದಿನಾಲ್ಕು ಆಯಿತು. ಅವಳೇ ಎರಡು ಸಲ ಎಣಿಸಿದಳು.

ಏಳನೇ ತರಗತಿಯ ಒಬ್ಬ ಹುಡುಗಿ ಮಾತ್ರ ಎಲ್ಲರೂ ಮುಗಿಸಿದ ಮೇಲೆ ಹತ್ತಿರ ಬಂದು ಸಣ್ಣ ದನಿಯಲ್ಲಿ, ‘ಬೀಡಿ ಕಟ್ಟುವುದಕ್ಕೆ ಇಂಗ್ಲಿಷ್‌ನಲ್ಲಿ ಏನು ಹೇಳುವುದು ಅಕ್ಕ?’ ಎಂದಳು. ‘ರೋಲ್’ ಎಂದೆ. ‘ಚಪಾತಿ ರೋಲಿನ ರೋಲಾ?’ ಎಂದು ನಕ್ಕು, ಸ್ವಲ್ಪ ಹೊತ್ತು ಸುಮ್ಮನಿದ್ದು, ಬರೆಯಲು ಕೂತಳು. ಅವಳ ಅಮ್ಮ ಎಲೆಯನ್ನು ನೀರಿನಲ್ಲಿ ನೆನೆಸುತ್ತಾರೆ, ಅಳತೆಗೆ ಕತ್ತರಿಸುತ್ತಾರೆ, ಹೊಗೆಸೊಪ್ಪಿನ ಪುಡಿ ತುಂಬಿ ಸುರುಳಿ ಸುತ್ತುತ್ತಾರೆ, ನೂಲು ಕಟ್ಟುತ್ತಾರೆ, ಬ್ರಾಂಚಿಗೆ ಕೊಟ್ಟು ಬರುತ್ತಾರೆ. ಸೋಕ್ಸ್, ಕಟ್ಸ್, ಫಿಲ್ಸ್, ರೋಲ್ಸ್, ಟೈಸ್, ಗೋಸ್. ಒಂದೇ ಉಸಿರಿಗೆ ಆರು ‘ಎಸ್’. ಇಷ್ಟು ಒಳ್ಳೆಯ ಅಭ್ಯಾಸ ಯಾವ ಹಾಳೆಯಲ್ಲೂ ನಮಗೆ ಸಿಕ್ಕಿರಲಿಲ್ಲ.

ದಕ್ಷಿಣ ಕನ್ನಡದ ಎಷ್ಟೋ ಮನೆಗಳಲ್ಲಿ ಮಕ್ಕಳ ಶಾಲೆಯ ಖರ್ಚು ಹೊರಟದ್ದು ಅಮ್ಮನ ಮಡಿಲಿನ ಗೆರಸೆಯಿಂದ. ಸಾವಿರ ಬೀಡಿಗೆ ಇಷ್ಟು ಎಂಬ ಲೆಕ್ಕದ ಕೂಲಿ ಅದು. ಹೊಗೆಸೊಪ್ಪಿನ ಧೂಳು ಆರೋಗ್ಯಕ್ಕೆ ಒಳ್ಳೆಯದಲ್ಲ, ಮಗಳು ಗೆರಸೆ ಹಿಡಿಯುವುದು ಬೇಡವೆಂದೇ ಅಮ್ಮಂದಿರು ಓದಿಸುತ್ತಿರುವುದು. ಆದರೆ ಅದು ಕೆಲಸವೇ ಅಲ್ಲ ಎನ್ನಲಾಗದು. 1966ರ ಬೀಡಿ ಮತ್ತು ಸಿಗಾರ್ ಕಾರ್ಮಿಕರ ಕಾಯ್ದೆ ಮನೆಯಲ್ಲಿ ಕೂತು ಬೀಡಿ ಕಟ್ಟುವವರನ್ನೂ ಕಾರ್ಮಿಕರೆಂದೇ ಲೆಕ್ಕಕ್ಕೆ ಹಿಡಿದಿತ್ತು. ಕಾನೂನು ಅರುವತ್ತು ವರ್ಷದ ಹಿಂದೆ ಒಪ್ಪಿದ್ದನ್ನು ಮಕ್ಕಳ ಪುಸ್ತಕ ಒಪ್ಪಿರಲಿಲ್ಲ.

ಬೀಡಿ ಕಟ್ಟದ ಅಮ್ಮಂದಿರ ಮಾತೂ ಬೇರೆಯಲ್ಲ. ಕೇಂದ್ರ ಸರ್ಕಾರ 2019ರಲ್ಲಿ ದೇಶದಾದ್ಯಂತ ಸಮಯ ಬಳಕೆಯ ಸಮೀಕ್ಷೆ ನಡೆಸಿತ್ತು. ಸಂಬಳವಿಲ್ಲದ ಮನೆಗೆಲಸ ಮಾಡುವ ಹೆಂಗಸರು ಅದಕ್ಕೆ ದಿನಕ್ಕೆ ಸರಾಸರಿ 299 ನಿಮಿಷ ಕೊಡುತ್ತಾರೆ, ಅದನ್ನು ಮಾಡುವ ಗಂಡಸರು 97 ನಿಮಿಷ ಎಂದು ಅದರಲ್ಲಿ ಕಂಡುಬಂತು. 299 ನಿಮಿಷ ಅಂದರೆ ಹೆಚ್ಚುಕಡಿಮೆ ಐದು ಗಂಟೆ. ಭಾನುವಾರ ರಜೆ ಇಲ್ಲದ, ಬೇಸಿಗೆ ರಜೆಯೂ ಇಲ್ಲದ ಐದು ಗಂಟೆ. ಸಿಂಪಲ್ ಪ್ರೆಸೆಂಟ್ ಟೆನ್ಸಿಗೆ ಇದಕ್ಕಿಂತ ಒಳ್ಳೆಯ ಉದಾಹರಣೆ ಬೇಕೇ?

ನಂತರದ ಪಾಠ ‘ಆಲ್ವೇಸ್, ಯೂಶುವಲಿ, ಸಮ್‌ಟೈಮ್ಸ್, ನೆವರ್’. ಯಾವಾಗಲೂ, ಸಾಮಾನ್ಯವಾಗಿ, ಕೆಲವೊಮ್ಮೆ, ಎಂದೂ ಇಲ್ಲ. ಮನೆಗೆಲಸಗಳ ಒಂದು ಪಟ್ಟಿ ಮಾಡಿ, ಯಾರು ಎಷ್ಟು ಸಲ ಮಾಡುತ್ತಾರೆ ಎಂದು ತುಂಬಿಸಿದೆವು. ‘ಮೈ ಬ್ರದರ್ ನೆವರ್ ವಾಷಸ್ ಹಿಸ್ ಪ್ಲೇಟ್’ ಎಂದು ತಂಗಿ ಓದಿದಾಗ ಅದೇ ತರಗತಿಯ ಹಿಂದಿನ ಬೆಂಚಿನಲ್ಲಿದ್ದ ಅಣ್ಣ ತಲೆ ತಗ್ಗಿಸಿದ. ಮೊನ್ನೆ ಅವಳೇ ಬಂದು ‘ನೆವರ್’ ಒರೆಸಿ ‘ಸಮ್‌ಟೈಮ್ಸ್’ ಎಂದು ತಿದ್ದಿಸಿಕೊಂಡು ಹೋದಳು. ಶಾಲೆಯ ಹತ್ತಿರ ಸಿಕ್ಕಿದ ಒಬ್ಬರು ತಾಯಿ, ‘ನಮ್ಮ ಕೆಲಸವನ್ನೆಲ್ಲ ಇಂಗ್ಲಿಷಿನಲ್ಲಿ ಬರೀಲಿಕ್ಕೆ ಉಂಟಾ ಮಗಾ?’ ಎಂದು ಕೇಳಿದರು. ‘ಉಂಟು ಅಮ್ಮ’ ಎಂದಾಗ ‘ನನಗೂ ಒಂದು ಓದಿ ಹೇಳಿ’ ಎಂದರು. ಮಗ ಓದಿದ. ಅವರು ಪ್ರತಿ ವಾಕ್ಯಕ್ಕೂ ತಲೆ ಆಡಿಸಿದರು.

ನಮ್ಮ ಮಕ್ಕಳು ಇನ್ನೂ ಸರಾಗವಾಗಿ ಇಂಗ್ಲಿಷ್ ಮಾತಾಡುವುದಿಲ್ಲ. ಒಂದೊಂದು ದಿನ ‘ಎಸ್’ ಮತ್ತೆ ಕಾಣೆಯಾಗುತ್ತದೆ. ಆದರೆ ಹೇಳಲು ತಮ್ಮ ಬಳಿ ಏನೋ ಇದೆ ಎಂದು ಗೊತ್ತಾದ ಮೇಲೆ ಪಕ್ಕದವರ ಮುಖ ನೋಡುವುದು ಕಡಿಮೆಯಾಗಿದೆ.

ನಮ್ಮಂತೆ ಪಾಯಿಂಟಿಗಾಗಿಯೋ, ಎನ್‌ಎಸ್‌ಎಸ್ ಶಿಬಿರಕ್ಕಾಗಿಯೋ ಹಳ್ಳಿ ಶಾಲೆಗಳಿಗೆ ಹೋಗುವ ಗೆಳೆಯರೇ, ಅಭ್ಯಾಸದ ಹಾಳೆಗಳನ್ನು ಪ್ರಿಂಟ್ ತೆಗೆಯುವ ಮೊದಲು ಮಕ್ಕಳನ್ನು ಅವರ ಮನೆಯ ಭಾಷೆಯಲ್ಲೇ ಮಾತಾಡಿಸಿ. ಬೆಳಗಿನಿಂದ ರಾತ್ರಿಯವರೆಗೆ ಯಾರು ಏನು ಮಾಡುತ್ತಾರೆ ಎಂದು ಕೇಳಿ. ಕಲಿಯಲು ಬೇಕಾದ ವಾಕ್ಯಗಳು ಅಲ್ಲೇ ಸಿಗುತ್ತವೆ. ಮುಂದೆ ಯಾವುದಾದರೂ ಅರ್ಜಿ ತುಂಬುವಾಗ ಆ ಮಕ್ಕಳು ತಾಯಿಯ ಉದ್ಯೋಗದ ಕಾಲಮಿನಲ್ಲಿ ಒಂದು ಕ್ಷಣ ನಿಂತು ಯೋಚಿಸಿದರೂ ಸಾಕು.