ಗಾಲ್ಫ್ ಅಂಗಳದ ಶಿಷ್ಟಾಚಾರ: ವರ್ತಕರು ಅರಿತಿರಬೇಕಾದ ಸಂಗತಿಗಳು

ಹಿರೇಕೆರೂರು ತಾಲೂಕಿನ ಹಂಸಭಾವಿಯಲ್ಲಾಗಲಿ, ಅದರ ನೆರೆಯ ಊರುಗಳಲ್ಲಾಗಲಿ ಗಾಲ್ಫ್ ಅಂಗಳವಿಲ್ಲ. ಹತ್ತಿ, ಗೋವಿನಜೋಳ ಹಾಗೂ ಬೀಜೋತ್ಪಾದನೆಯ ವ್ಯವಹಾರವನ್ನು ನೆಚ್ಚಿರುವ ಈ ಭಾಗದ ವರ್ತಕರಿಗೆ ಆಟವೆಂದರೆ ಕಬಡ್ಡಿ, ವಾಲಿಬಾಲ್ ಮತ್ತು ಕ್ರಿಕೆಟ್. ಆದರೆ ವ್ಯವಹಾರ ಬೆಳೆದಂತೆ ಬೆಂಗಳೂರಿನ ಕಂಪನಿಗಳ ಒಡನಾಟವೂ ಬೆಳೆಯುತ್ತದೆ. ಬೀಜ ಕಂಪನಿಯ ಅಧಿಕಾರಿಯೋ, ಬ್ಯಾಂಕಿನ ಹಿರಿಯ ವ್ಯವಸ್ಥಾಪಕರೋ "ರವಿವಾರ ಬೆಳಿಗ್ಗೆ ಗಾಲ್ಫ್ ಅಂಗಳಕ್ಕೆ ಬನ್ನಿ, ಅಲ್ಲಿಯೇ ಮಾತನಾಡೋಣ" ಎಂದು ಕರೆಯುವ ಸಂದರ್ಭ ಒದಗುತ್ತದೆ. ಕರೆ ಬಂದವರು ತಮಗೆ ಆಟ ಬಾರದೆಂದು ಸಂಕೋಚಪಡುವುದುಂಟು. ವಾಸ್ತವವಾಗಿ ಆಟ ಬಾರದಿರುವುದನ್ನು ಅಲ್ಲಿ ಯಾರೂ ದೊಡ್ಡದು ಮಾಡುವುದಿಲ್ಲ. ನಡವಳಿಕೆ ತಿಳಿಯದಿರುವುದು ಮಾತ್ರ ಮೊದಲ ಹತ್ತು ನಿಮಿಷಗಳಲ್ಲಿಯೇ ಎದ್ದು ಕಾಣುತ್ತದೆ.

ಈ ಆಟ ರಾಜ್ಯಕ್ಕೆ ಹೊಸದೇನಲ್ಲ. ಬೆಂಗಳೂರಿನ ಸ್ಯಾಂಕಿ ರಸ್ತೆಯ ಬದಿಯಲ್ಲಿರುವ ಬೆಂಗಳೂರು ಗಾಲ್ಫ್ ಕ್ಲಬ್ ಸ್ಥಾಪನೆಯಾದುದು 1876ರಲ್ಲಿ. ಕೋಲಾರದ ಚಿನ್ನದ ಗಣಿಗಳ ಬ್ರಿಟಿಷ್ ಅಧಿಕಾರಿಗಳು ತಮ್ಮ ವಸತಿಗಳ ಸಮೀಪದಲ್ಲಿಯೇ ಅಂಗಳ ಮಾಡಿಕೊಂಡಿದ್ದರು. ಮೈಸೂರಿನಲ್ಲಿ ಜಯಚಾಮರಾಜ ಒಡೆಯರ್ ಗಾಲ್ಫ್ ಕ್ಲಬ್, ಬೆಂಗಳೂರಿನ ಚಲ್ಲಘಟ್ಟದಲ್ಲಿ ಕರ್ನಾಟಕ ಗಾಲ್ಫ್ ಅಸೋಸಿಯೇಷನ್ ಅಂಗಳಗಳಿವೆ. ಆದರೂ ಜನಸಾಮಾನ್ಯರ ಗಮನ ಈ ಆಟದತ್ತ ಹರಿದದ್ದು 2021ರ ಆಗಸ್ಟ್‌ನಲ್ಲಿ, ಬೆಂಗಳೂರಿನ ಅದಿತಿ ಅಶೋಕ್ ಟೋಕಿಯೊ ಒಲಿಂಪಿಕ್ಸ್‌ನಲ್ಲಿ ನಾಲ್ಕನೆಯ ಸ್ಥಾನ ಪಡೆದು ಅಲ್ಪದರಲ್ಲಿ ಪದಕ ತಪ್ಪಿಸಿಕೊಂಡಾಗ.

ಆಟದ ಸ್ವರೂಪ ಸರಳವಾದುದು. ಟೀ ಎಂಬ ಸ್ಥಳದಿಂದ ಚೆಂಡನ್ನು ಹೊಡೆದು, ಫೇರ್‌ವೇ ಎಂಬ ಹುಲ್ಲುಹಾಸಿನ ಮೂಲಕ ಸಾಗಿಸಿ, ಗ್ರೀನ್ ಎಂಬ ನುಣುಪಾದ ಹಾಸಿನಲ್ಲಿರುವ ಕುಳಿಯೊಳಗೆ ಬೀಳಿಸಬೇಕು. ಪೂರ್ಣ ಅಂಗಳದಲ್ಲಿ ಇಂತಹ 18 ಕುಳಿಗಳು. ಕಡಿಮೆ ಹೊಡೆತಗಳಲ್ಲಿ ಮುಗಿಸಿದವನೇ ಗೆದ್ದವನು. ಸಾಮಾನ್ಯವಾಗಿ ನಾಲ್ವರವರೆಗೆ ಒಂದು ತಂಡವಾಗಿ ಹೊರಡುತ್ತಾರೆ. ಅವರ ಹಿಂದೆ ಮತ್ತೊಂದು ತಂಡ, ಅದರ ಹಿಂದೆ ಇನ್ನೊಂದು. ಒಂದು ಸುತ್ತಿಗೆ ನಾಲ್ಕು ತಾಸುಗಳಿಗೂ ಹೆಚ್ಚು ಕಾಲ ಹಿಡಿಯಬಹುದು. ಶಿಷ್ಟಾಚಾರದ ಬಹುಪಾಲು ನಿಯಮಗಳು ಈ ಸಾಲುಗಟ್ಟಿದ ನಡಿಗೆಯಿಂದಲೇ ಹುಟ್ಟಿವೆ.

ಮೊದಲನೆಯದು ಸುರಕ್ಷತೆ. ಗಾಲ್ಫ್ ಚೆಂಡಿನ ತೂಕ 46 ಗ್ರಾಂ ಮೀರುವುದಿಲ್ಲವಾದರೂ ಅದು ಕಲ್ಲಿನಂತೆ ಗಟ್ಟಿಯಾದುದು. ಮುಂದಿನ ತಂಡ ತನ್ನ ಹೊಡೆತದ ಅಳತೆಯಿಂದ ಆಚೆ ಸರಿಯುವವರೆಗೆ ಯಾರೂ ಹೊಡೆಯಕೂಡದು. ಚೆಂಡು ಜನರತ್ತ ಸಾಗಿದರೆ "ಫೋರ್" ಎಂದು ಗಟ್ಟಿಯಾಗಿ ಕೂಗಬೇಕು. ಆ ಕೂಗು ಕೇಳಿದವರು ಎಲ್ಲಿಂದ ಬಂತೆಂದು ತಿರುಗಿ ನೋಡದೆ ತಲೆ ಮುಚ್ಚಿಕೊಂಡು ಬಾಗಬೇಕು. ಸೌಜನ್ಯದ ಆಟದಲ್ಲಿ ಕೂಗುವುದು ಹೇಗೆಂದು ಹೊಸಬರು ಸುಮ್ಮನಿದ್ದುಬಿಡುತ್ತಾರೆ. ಆ ಮೌನವೇ ಅಪಾಯಕಾರಿ. ಒಬ್ಬರು ಹೊಡೆಯಲು ನಿಂತಾಗ ಮಾತ್ರ ಉಳಿದವರು ಮಾತು, ಚಲನೆ ಎರಡನ್ನೂ ನಿಲ್ಲಿಸಿ, ಅವರ ಬೆನ್ನ ಹಿಂದೆ ನಿಲ್ಲದೆ, ಕೋಲು ಬೀಸುವ ಅಳತೆಯಿಂದ ದೂರವಿರಬೇಕು. ಮೊಬೈಲ್ ಫೋನಿನ ಸದ್ದು ಅಡಗಿರಬೇಕೆಂದು ಪ್ರತ್ಯೇಕವಾಗಿ ಹೇಳಬೇಕಾಗಿಲ್ಲ.

ಎರಡನೆಯದು ಪರರ ವೇಳೆ. 2019ರಲ್ಲಿ ಜಾರಿಗೆ ಬಂದ ಪರಿಷ್ಕೃತ ನಿಯಮಗಳು ಕಳೆದುಹೋದ ಚೆಂಡನ್ನು ಹುಡುಕುವ ಅವಧಿಯನ್ನು 5 ನಿಮಿಷಗಳಿಂದ 3 ನಿಮಿಷಗಳಿಗೆ ಇಳಿಸಿದವು. ಸರದಿ ಬಂದ ಮೇಲೆ 40 ಸೆಕೆಂಡುಗಳೊಳಗೆ ಹೊಡೆಯಬೇಕೆಂದು ಸಲಹೆ ನೀಡಿದವು. ಕುಳಿಯಿಂದ ಹೆಚ್ಚು ದೂರದಲ್ಲಿರುವವರು ಮೊದಲು ಹೊಡೆಯುವುದು ಹಳೆಯ ಪದ್ಧತಿ. ಆದರೆ ಸುರಕ್ಷಿತವಾಗಿದ್ದಲ್ಲಿ ಸಿದ್ಧರಿದ್ದವರೇ ಹೊಡೆದು ಮುಂದೆ ಸಾಗುವುದನ್ನು ಈಗಿನ ನಿಯಮಗಳೇ ಪ್ರೋತ್ಸಾಹಿಸುತ್ತವೆ. ಹಿಂದಿನ ತಂಡ ಕಾಯುತ್ತಿದ್ದರೆ ಅದಕ್ಕೆ ದಾರಿ ಬಿಟ್ಟುಕೊಡಬೇಕು. ಹೊಸಬರಿಗೆ ಒಂದು ಉಪಾಯವುಂಟು. ಒಂದೇ ಕುಳಿಗೆ ಹತ್ತು ಹೊಡೆತಗಳಾದರೂ ಚೆಂಡು ಸೇರದಿದ್ದರೆ, ಅದನ್ನು ಎತ್ತಿಕೊಂಡು ಕಿಸೆಗೆ ಹಾಕಿ ಮುಂದಿನ ಟೀಯತ್ತ ನಡೆಯುವುದು. ಸ್ನೇಹಪರ ಆಟದಲ್ಲಿ ಇದು ಅವಮಾನವಲ್ಲ. ಹಟ ಹಿಡಿದು ಹದಿನೈದು ಹೊಡೆತ ಹೊಡೆಯುವವರಿಗಿಂತ ಇಂಥವರನ್ನೇ ಎರಡನೆಯ ಬಾರಿ ಕರೆಯುತ್ತಾರೆ.

ಅಂಗಳದ ಆರೈಕೆಯ ವಿಷಯ ಕೃಷಿ ಹಿನ್ನೆಲೆಯವರಿಗೆ ಸುಲಭವಾಗಿ ಅರ್ಥವಾಗುವಂಥದು. ಬಿತ್ತಿದ ಹೊಲದ ಬದುವಿನ ಮೇಲೆಯೇ ನಡೆಯುವ ರೂಢಿ ಉಳ್ಳವರಿಗೆ, ಹೊಡೆತಕ್ಕೆ ಕಿತ್ತು ಬಂದ ಹುಲ್ಲಿನ ಹೆಂಟೆಯನ್ನು ಮರಳಿ ಅದೇ ಜಾಗದಲ್ಲಿಟ್ಟು ಒತ್ತಬೇಕೆಂದು, ಬಂಕರ್ ಎಂಬ ಮರಳುಗುಂಡಿಯಿಂದ ಹೊರಬಂದ ಮೇಲೆ ಹೆಜ್ಜೆಗುರುತುಗಳನ್ನು ಕುಂಟೆಯಂತಹ ಸಾಧನದಿಂದ ಸಮಮಾಡಬೇಕೆಂದು ಹೆಚ್ಚು ವಿವರಿಸಬೇಕಿಲ್ಲ. ಗ್ರೀನ್ ಮೇಲೆ ಎರಡು ಪಟ್ಟು ಎಚ್ಚರಿಕೆ ಬೇಕು. ಚೆಂಡು ಬಿದ್ದು ಆದ ತಗ್ಗನ್ನು ಸರಿಪಡಿಸಬೇಕು. ಇತರರ ಚೆಂಡಿಗೂ ಕುಳಿಗೂ ನಡುವಿನ ದಾರಿಯನ್ನು ತುಳಿಯಬಾರದು. ಅದರ ಮೇಲೆ ತನ್ನ ನೆರಳು ಬೀಳದಂತೆಯೂ ನೋಡಿಕೊಳ್ಳಬೇಕು.

ಚೀಲ ಹೊತ್ತು ಜೊತೆಗೆ ಬರುವ ಕ್ಯಾಡಿಯನ್ನು ಹೆಸರು ಕೇಳಿ, ಹೆಸರು ಹಿಡಿದೇ ಕರೆಯಬೇಕು. ಅಂಗಳದ ಇಳಿಜಾರು, ಗಾಳಿಯ ದಿಕ್ಕು ಆತನಿಗೆ ತಿಳಿದಷ್ಟು ಅತಿಥಿಗೆ ತಿಳಿದಿರುವುದಿಲ್ಲ. ಕೆಟ್ಟ ಹೊಡೆತದ ಸಿಟ್ಟನ್ನು ಆತನ ಮೇಲೆ ತೀರಿಸಿಕೊಳ್ಳುವವರೂ ಇದ್ದಾರೆ. ಅತಿಥಿಯ ಈ ವರ್ತನೆಯನ್ನು ಆತಿಥೇಯರು ಗಮನಿಸದೆ ಇರುವುದಿಲ್ಲ.

ಲೆಕ್ಕದ ಚೀಟಿ

ಗಾಲ್ಫ್‌ನ ನಿಜವಾದ ವೈಶಿಷ್ಟ್ಯವಿರುವುದು ಲೆಕ್ಕದಲ್ಲಿ. ಪ್ರತಿ ಹೊಡೆತವನ್ನು ಎಣಿಸಲು ಅಂಪೈರ್ ಬೆನ್ನ ಹಿಂದೆ ಇರುವುದಿಲ್ಲ. ಪೊದೆಯ ಮರೆಯಲ್ಲಿ ಕಾಲಿಗೆ ತಾಗಿ ಚೆಂಡು ಸರಿದರೆ ಅದನ್ನು ಕಂಡವನು ಆಟಗಾರನೊಬ್ಬನೇ. ಸ್ಪರ್ಧೆಯಲ್ಲಿ ಒಬ್ಬನ ಚೀಟಿಯನ್ನು ಜೊತೆಯ ಆಟಗಾರ ಬರೆಯುತ್ತಾನೆ. ಕೊನೆಯಲ್ಲಿ ಬರೆದವನೂ ಆಡಿದವನೂ ಕುಳಿವಾರು ಅಂಕಿಗಳನ್ನು ದೃಢೀಕರಿಸಬೇಕು. ಸ್ವಯಂ ಘೋಷಣೆಯ ತೆರಿಗೆ ವಿವರಪಟ್ಟಿ ಸಲ್ಲಿಸುವವರಿಗೆ ಈ ವ್ಯವಸ್ಥೆ ಪರಿಚಿತವೆನಿಸೀತು. ಸಹಿ ಮಾಡಿದ ಮೇಲೆ ಹೊಣೆ ಸಹಿ ಮಾಡಿದವನದೇ.

1968ರ ಮಾಸ್ಟರ್ಸ್ ಪಂದ್ಯಾವಳಿಯಲ್ಲಿ ಅರ್ಜೆಂಟೀನಾದ ರಾಬರ್ಟೊ ಡಿ ವಿಸೆಂಜೊ 17ನೆಯ ಕುಳಿಯನ್ನು 3 ಹೊಡೆತಗಳಲ್ಲಿ ಮುಗಿಸಿದ್ದರು. ಚೀಟಿ ಬರೆಯುತ್ತಿದ್ದ ಟಾಮಿ ಆರನ್ ಪ್ರಮಾದವಶಾತ್ 4 ಎಂದು ನಮೂದಿಸಿದರು. ಡಿ ವಿಸೆಂಜೊ ಪರಿಶೀಲಿಸದೆ ಸಹಿ ಹಾಕಿದರು. ಲಕ್ಷಾಂತರ ಜನ ದೂರದರ್ಶನದಲ್ಲಿ ಆಟ ಕಂಡಿದ್ದರೂ ಸಹಿಯಾದ ಅಂಕಿಯೇ ಸ್ಥಿರವಾಯಿತು. ಬಾಬ್ ಗೋಲ್ಬಿಯವರೊಂದಿಗೆ ಸಮಬಲದ ಅವಕಾಶ ತಪ್ಪಿ, ಪ್ರಶಸ್ತಿ ಗೋಲ್ಬಿಯವರ ಪಾಲಾಯಿತು. ಹೆಚ್ಚು ಬರೆದದ್ದಕ್ಕೆ ಇಷ್ಟಾಯಿತು. ಆಡಿದ್ದಕ್ಕಿಂತ ಕಡಿಮೆ ಬರೆದು ಸಹಿ ಮಾಡಿದ್ದರೆ ಆಗಿನ ನಿಯಮದಂತೆ ಅನರ್ಹತೆಯೇ ಗತಿಯಾಗುತ್ತಿತ್ತು. 1925ರ ಅಮೆರಿಕ ಓಪನ್‌ನಲ್ಲಿ ಬಾಬಿ ಜೋನ್ಸ್ ಇತರರು ಕಾಣದಿದ್ದರೂ ತಮ್ಮ ಚೆಂಡು ಅಲುಗಿತೆಂದು ತಾವೇ ಹೇಳಿ ಒಂದು ಹೊಡೆತದ ದಂಡ ಹಾಕಿಸಿಕೊಂಡರು. ಅದಿಲ್ಲದಿದ್ದರೆ ಗೆಲ್ಲುತ್ತಿದ್ದ ಪಂದ್ಯ ಸಮವಾಗಿ, ಮರು ಆಟದಲ್ಲಿ ಅವರು ಸೋತರು.

ರವಿವಾರದ ಆಟಕ್ಕೆ ಇಷ್ಟು ಬಿಗಿ ಬೇಡವೆನ್ನಬಹುದು. ನಿಜ. ಮೊದಲ ಹೊಡೆತ ಕೆಟ್ಟರೆ ಮತ್ತೊಂದಕ್ಕೆ ಅವಕಾಶ ಕೊಡುವುದು, ಕುಳಿಯ ಅಂಚಿನ ಚೆಂಡನ್ನು ಬಿದ್ದಿತೆಂದೇ ಒಪ್ಪುವುದು ಸ್ನೇಹಿತರಲ್ಲಿ ರೂಢಿ. ಈ ರಿಯಾಯಿತಿಗಳನ್ನು ಆಟಕ್ಕೆ ಮುನ್ನ ಎಲ್ಲರೂ ಒಪ್ಪಿರಬೇಕು. ಯಾರೂ ತಮಗೆ ತಾವೇ ಕೊಟ್ಟುಕೊಳ್ಳಬಾರದು. ಏಳು ಹೊಡೆದು ಆರು ಎನ್ನುವವನ ಬಗ್ಗೆ ಜೊತೆಗಾರರು ಎದುರಿಗೆ ಏನೂ ಹೇಳುವುದಿಲ್ಲ, ನಕ್ಕು ಸುಮ್ಮನಾಗುತ್ತಾರೆ. ಆದರೆ ತೊಂಬತ್ತು ದಿನಗಳ ಉದ್ರಿ ಕೇಳಿದಾಗ ಆ ಒಂದು ಹೊಡೆತ ಅವರಿಗೆ ನೆನಪಾಗದೆ ಇರದು. ಅಧಿಕಾರಿಯನ್ನು ಮೆಚ್ಚಿಸಲು ಬೇಕೆಂದೇ ಸೋಲುವುದೂ ಸುಳ್ಳು ಲೆಕ್ಕವೇ. ಆಟ ಬಲ್ಲವರಿಗೆ ಅದು ಕೂಡಲೇ ತಿಳಿಯುತ್ತದೆ.

ವ್ಯವಹಾರದ ಮಾತನ್ನು ಆತಿಥೇಯರು ಎತ್ತುವವರೆಗೆ ಕಾಯುವುದು ಲೇಸು. ಹೊಡೆತಗಳ ನಡುವಿನ ನಡಿಗೆಯಲ್ಲಿ ಅದಕ್ಕೆ ಎಡೆಯುಂಟು. ಗ್ರೀನ್ ಮೇಲೆ ಇಲ್ಲ. ಅತಿಥಿಯ ಶುಲ್ಕ ಹೆಚ್ಚಾಗಿ ಸದಸ್ಯರ ಖಾತೆಗೆ ಬೀಳುವುದರಿಂದ ಹಣ ಕೊಡಲು ಕೌಂಟರಿನೆದುರು ಪೈಪೋಟಿ ನಡೆಸದೆ, ಉಪಾಹಾರದ ವೆಚ್ಚ ಅಥವಾ ಮುಂದಿನ ಆತಿಥ್ಯ ತಮ್ಮದೆನ್ನುವುದು ಹಿತ. ಮುಂದೆ ಸ್ವತಃ ಸದಸ್ಯರಾಗಬಯಸುವವರು, ಕ್ಲಬ್ ಸದಸ್ಯತ್ವದ ಮೇಲೆ ತೆತ್ತ ಜಿಎಸ್‌ಟಿಗೆ 2017ರ ಕೇಂದ್ರ ಕಾಯ್ದೆಯ 17(5)ನೆಯ ಕಲಮಿನಂತೆ ಸಾಮಾನ್ಯವಾಗಿ ಇನ್‌ಪುಟ್ ತೆರಿಗೆ ಕ್ರೆಡಿಟ್ ದೊರೆಯದೆಂಬುದನ್ನು ಲೆಕ್ಕ ಹಾಕಿಯೇ ಮುಂದುವರಿಯಬೇಕು.

ಉಡುಪಿನ ವಿಷಯವನ್ನು ಮುಂಚಿತವಾಗಿ ವಿಚಾರಿಸಬೇಕು. ಅನೇಕ ಕ್ಲಬ್‌ಗಳಲ್ಲಿ ಕಾಲರ್ ಇಲ್ಲದ ಬನಿಯನ್ನು, ಜೀನ್ಸ್‌ಗಳಿಗೆ ಪ್ರವೇಶವಿಲ್ಲ. ನಿಗದಿತ ಸಮಯಕ್ಕೆ ಅರ್ಧ ತಾಸು ಮೊದಲೇ ತಲುಪಿರಬೇಕು. ಹಂಸಭಾವಿಯಿಂದ ರಾತ್ರಿ ಬಸ್ಸಿಗೆ ಹೊರಡುವವರು ಬರಲಾಗದ ಪ್ರಸಂಗ ಬಂದರೆ ಹಿಂದಿನ ದಿನವೇ ದೂರವಾಣಿಯಲ್ಲಿ ತಿಳಿಸಬೇಕು. ಆ ಹೊತ್ತನ್ನು ಅವರಿಗಾಗಿ ಕಾದಿರಿಸಿಕೊಂಡವರು ಇನ್ನೂ ಮೂವರಿರುತ್ತಾರೆ.