ಯಾವ ನಾಳ ಕಟ್ಟಿದರೆ ಯಾವ ಲಕ್ವ?

ದೇಹದ ತೂಕದಲ್ಲಿ ಮಿದುಳಿನದು ಶೇ 2ರಷ್ಟು ಮಾತ್ರ. ಆದರೆ ದೇಹ ಬಳಸುವ ಆಮ್ಲಜನಕದಲ್ಲಿ ಸುಮಾರು ಶೇ 20ರಷ್ಟು ಅದಕ್ಕೇ ಬೇಕು. ಅದನ್ನು ಕೂಡಿಟ್ಟುಕೊಳ್ಳುವ ಶಕ್ತಿ ಮಿದುಳಿಗಿಲ್ಲ. ರಕ್ತ ನಿಂತ ಕೆಲವೇ ನಿಮಿಷಗಳಲ್ಲಿ ನರಕೋಶಗಳು ಸಾಯತೊಡಗುತ್ತವೆ. ಈ ರಕ್ತ ಬರುವುದು ಕತ್ತಿನ ಮುಂಭಾಗದ ಎರಡು ಕ್ಯಾರೋಟಿಡ್, ಹಿಂಭಾಗದ ಎರಡು ವರ್ಟಿಬ್ರಲ್ ಧಮನಿಗಳಿಂದ. ಮಿದುಳಿನ ತಳದಲ್ಲಿ ಇವು ಕೂಡಿ ಉಂಗುರವಾಗುವುದನ್ನು ಇಂಗ್ಲೆಂಡಿನ ವೈದ್ಯ ಥಾಮಸ್ ವಿಲ್ಲಿಸ್ 1664ರಲ್ಲಿ ವಿವರಿಸಿದ. ಉಂಗುರದಿಂದಾಚೆಗೆ ಒಂದೊಂದು ಕವಲಿಗೂ ಅದರದೇ ಪ್ರದೇಶ. ತೂಬು ಮುಚ್ಚಿದರೆ ಅದರ ಕೆಳಗಿನ ಗದ್ದೆಯೇ ಒಣಗುವಂತೆ, ಕವಲು ಕಟ್ಟಿದರೆ ಆ ಭಾಗದ ಕೆಲಸವೇ ನಿಲ್ಲುತ್ತದೆ. ಇಂಥದ್ದೇ ಲಕ್ವ, ಅಂದರೆ ಸ್ಟ್ರೋಕ್.

ಹೆಚ್ಚಾಗಿ ಕಟ್ಟುವುದು ಮಧ್ಯ ಸೆರೆಬ್ರಲ್ ಧಮನಿ. ಮಿದುಳಿನ ಎಡಭಾಗ ದೇಹದ ಬಲಭಾಗವನ್ನು ಆಳುತ್ತದೆಯಾದ್ದರಿಂದ, ಎಡಗಡೆಯ ಧಮನಿ ಕಟ್ಟಿದರೆ ಬಲಗೈ ಸೋಲುತ್ತದೆ, ಬಾಯಿ ಸೊಟ್ಟಗಾಗುತ್ತದೆ. ಬಹುತೇಕರಲ್ಲಿ ಭಾಷೆಯ ನೆಲೆಯೂ ಎಡಗಡೆಯೇ. ಫ್ರಾನ್ಸಿನ ಪಾಲ್ ಬ್ರೋಕಾ 1861ರಲ್ಲಿ ಗುರುತಿಸಿದ ಜಾಗಕ್ಕೆ ಪೆಟ್ಟು ಬಿದ್ದರೆ ಹೇಳಬೇಕಾದ್ದು ಗೊತ್ತಿದ್ದರೂ ಮಾತು ಹೊರಡದು. ಅದರ ಹಿಂದಿನ, ವರ್ನಿಕೆ ಹೆಸರಿನ ಜಾಗ ಕೆಟ್ಟರೆ ಮಾತು ಸರಾಗ, ಅರ್ಥ ಮಾತ್ರ ಇಲ್ಲ. ಮನೆಯವರು ಇದನ್ನು ಬುದ್ಧಿಭ್ರಮಣೆ ಎಂದುಕೊಳ್ಳುವುದುಂಟು.

ಬಲಗಡೆಯ ಧಮನಿ ಕಟ್ಟಿದಾಗ ಇನ್ನೂ ವಿಚಿತ್ರವಾದ ಲಕ್ಷಣ ಕಾಣಬಹುದು. ರೋಗಿಗೆ ಎಡಭಾಗದ ಪರಿವೆಯೇ ಇರುವುದಿಲ್ಲ. ತಟ್ಟೆಯ ಎಡ ಅರ್ಧದ ಅನ್ನ ಹಾಗೇ ಉಳಿಯುತ್ತದೆ. ಬಿದ್ದುಹೋದ ಎಡಗೈಯನ್ನು ತೋರಿಸಿದರೂ ತನಗೇನೂ ಆಗಿಲ್ಲವೆಂದೇ ವಾದಿಸುತ್ತಾನೆ. ಅಂಥವರ ಮಾತು ನಂಬಿ ಕಾಯುವುದು ಅಪಾಯ.

ಮುಂಭಾಗದ ಸೆರೆಬ್ರಲ್ ಧಮನಿ ಕಟ್ಟಿದರೆ ಕೈಗಿಂತ ಕಾಲು ಹೆಚ್ಚು ಸೋಲುತ್ತದೆ. ಹಿಂಭಾಗದ್ದು ಕಟ್ಟಿದರೆ ಎರಡೂ ಕಣ್ಣುಗಳಲ್ಲಿ ಒಂದೇ ಬದಿಯ ಅರ್ಧ ನೋಟ ಮಾಯವಾಗುತ್ತದೆ. ತಾನೇ ಬರೆದ ಚೀಟಿಯನ್ನು ಓದಲಾಗದ ರೋಗಿಗಳೂ ಇದ್ದಾರೆ. 1892ರಲ್ಲಿ ನರವೈದ್ಯ ಡೆಜರಿನ್ ವರ್ಣಿಸಿದ್ದು ಇಂಥ ಒಬ್ಬರನ್ನೇ.

ಸುಲಭವಾಗಿ ಕೈತಪ್ಪುವುದು ಮಿದುಳಕಾಂಡ ಮತ್ತು ಕಿರುಮಿದುಳಿನ ಸ್ಟ್ರೋಕ್. ಇಲ್ಲಿ ಕೈಕಾಲು ಗಟ್ಟಿಯಾಗಿಯೇ ಇರಬಹುದು. ತಲೆಸುತ್ತು, ವಾಂತಿ, ತೂರಾಡುವ ನಡಿಗೆ, ಬಿಕ್ಕಳಿಕೆ, ನುಂಗಲು ಕಷ್ಟ ಇದರ ಲಕ್ಷಣಗಳು. 'ಪಿತ್ತ' ಎಂದು ನಿಂಬೆಹಣ್ಣಿನ ಪಾನಕ ಕುಡಿಸಿ ಮಲಗಿಸಿದರೆ ಅಮೂಲ್ಯ ಹೊತ್ತು ಕಳೆಯುತ್ತದೆ. ಎರಡು ವರ್ಟಿಬ್ರಲ್‌ಗಳು ಕೂಡಿ ಆಗುವ ಬ್ಯಾಸಿಲರ್ ಧಮನಿಯೇ ಮುಚ್ಚಿದರೆ ಪ್ರಾಣಕ್ಕೇ ಕುತ್ತು. ಬದುಕುಳಿದ ಕೆಲವರಲ್ಲಿ ಪ್ರಜ್ಞೆ ಪೂರ್ತಿ ಇದ್ದೂ ಕಣ್ಣನ್ನು ಮೇಲೆ ಕೆಳಗೆ ಆಡಿಸುವುದು, ರೆಪ್ಪೆ ಮಿಟುಕಿಸುವುದು ಬಿಟ್ಟು ಬೇರೇನೂ ಸಾಧ್ಯವಾಗದು.

ಲಕ್ಷಣ ಹಠಾತ್ತಾಗಿ ಶುರುವಾಯಿತೇ ಎಂಬುದೇ ಮುಖ್ಯ ಸುಳಿವು. ಹತ್ತು ನಿಮಿಷದಲ್ಲಿ ತಾನಾಗಿ ಸರಿಹೋದರೂ ಅದು ದೊಡ್ಡ ಸ್ಟ್ರೋಕಿನ ಮುನ್ಸೂಚನೆಯಾಗಿರಬಹುದು. ಮಿದುಳಿನಲ್ಲಿ ರಕ್ತಸ್ರಾವವಿಲ್ಲವೆಂದು ಸ್ಕ್ಯಾನ್‌ನಲ್ಲಿ ಖಚಿತವಾದ ಮೇಲೆ ರಕ್ತದ ಹೆಪ್ಪು ಕರಗಿಸುವ ಔಷಧಿ ಕೊಡಲು ಸಾಮಾನ್ಯವಾಗಿ ಇರುವ ಅವಧಿ ಲಕ್ಷಣ ಶುರುವಾದಾಗಿನಿಂದ 4.5 ಗಂಟೆ. ಎಣ್ಣೆ ತಿಕ್ಕುತ್ತಾ, ನಾಟಿ ಔಷಧಿ ಹುಡುಕುತ್ತಾ ಕೂರದೆ, ಲಕ್ಷಣ ಶುರುವಾದ ಹೊತ್ತನ್ನು ಗುರುತಿಟ್ಟುಕೊಂಡು ತಕ್ಷಣ 108ಕ್ಕೆ ಕರೆ ಮಾಡಿ, ಸಿ.ಟಿ. ಸ್ಕ್ಯಾನ್ ಇರುವ ಆಸ್ಪತ್ರೆಗೆ ಕರೆದೊಯ್ಯಿರಿ.